ಬಿಳಿ ಪುಟ

ಲಾಠಿ ಆ ಹುಡುಗನ ದವಡೆಗೆ ಬಿದ್ದಾಗ ಒಣ ಸೌದೆ ಮುರಿದಂಥ ಸದ್ದು ಬಂತು. ನಿವೇದಿತಾ ಆಗ ಸೆಕ್ಯೂರಿಟಿ ಕೋಣೆಯ ಕಿಟಕಿಗೆ ಅಂಟಿಕೊಂಡು ನಿಂತಿದ್ದಳು. ಹೊಡೆದವನು ಕಾರ್ಖಾನೆಯ ಗೇಟಿನ ಹಿರಿಯ ಕಾವಲುಗಾರ ರಂಗಸ್ವಾಮಯ್ಯ. ಹೊಡೆಸಿಕೊಂಡವನು ಲೋಹ ಒತ್ತುವ ಪ್ರೆಸ್ ವಿಭಾಗದ ಕೆಲಸಗಾರ ಯಮನೂರ. ಆ ಹೆಸರು ಅವಳಿಗೆ ತಿಳಿದದ್ದು ಆಮೇಲೆ. ಅವನು ಮಾಡಿದ ತಪ್ಪೆಂದರೆ, ಮೊಬೈಲನ್ನು ಮುಂದೆ ಚಾಚಿ, ಇದರಾಗ ಏನೂ ಬರವಲ್ದು ನೋಡ್ರಿ ಎನ್ನುತ್ತ, ಮುಂದಿನವನ ಬೆನ್ನಿಗೇ ಗೇಟಿನೊಳಗೆ ಒಂದು ಕಾಲಿಟ್ಟದ್ದು.

ಯಮನೂರ ಮೊಣಕಾಲೂರಿ ಕುಸಿದ. ಬಾಯಿಗೆ ಒತ್ತಿಕೊಂಡ ಅಂಗೈಯ ಸಂದಿಯಿಂದ ರಕ್ತ ಒಸರಿ ಅಂಗಿಯ ತೋಳಿನೊಳಕ್ಕೆ ಇಳಿಯಿತು. ಅಷ್ಟಕ್ಕೆ ನಿಂತಿದ್ದರೆ ಬೇರೆ ಮಾತು. ಎರಡು ದಿನದಿಂದ ನೂಕುನುಗ್ಗಲು ತಡೆದು ತಡೆದು ಸೋತಿದ್ದ ರಂಗಸ್ವಾಮಯ್ಯನಿಗೆ ತಲೆ ಕೆಟ್ಟಿತ್ತು. ನೆಲಕ್ಕೆ ಬಿದ್ದವನ ಬೆನ್ನಿಗೆ ಮತ್ತೊಂದು ಬಿಗಿದ, ಪಕ್ಕೆಗೆ ಬೂಟುಗಾಲಿನಿಂದ ಒದ್ದ. "ಒಳೀಕ್ ಬರ್ಬ್ಯಾಡ ಅಂದ್ರೆ ಅರ್ತ ಆಗಲ್ವೇನ್ಲಾ" ಎಂದು ಏದುಸಿರು ಬಿಡುತ್ತ ಹೇಳಿದ ಮಾತು ಕಿಟಕಿಯೊಳಗೂ ಕೇಳಿಸಿತು.

ಗುಂಪಿನೊಳಗಿಂದ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನುಗ್ಗಿ ಬಂದಳು. ಅವಳು ಯಮನೂರನ ಅಕ್ಕ ಹನುಮವ್ವ, ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು. ರಂಗಸ್ವಾಮಯ್ಯನ ಲಾಠಿ ಹಿಡಿದೆಳೆದಳು. ಅದು ಬಿಡಲಿಲ್ಲ. ಅವನ ಮುಂಗೈಯನ್ನು ಕಚ್ಚಿದಳು. ಅವನು ನೋವಿಗೆ ಕೈ ಕೊಡವಿದ ರಭಸಕ್ಕೆ ಅವಳ ತಲೆ ಗೇಟಿನ ಕಬ್ಬಿಣಕ್ಕೆ ಬಡಿಯಿತು. ಅಲ್ಲಿಗೆ ಮೊದಲ ಕಲ್ಲು ಬಂತು.

ನಿವೇದಿತಾ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ವೆಬ್ ಡಿಸೈನರ್. ಊರು ದಾವಣಗೆರೆ, ತಾಯಿ ಚನ್ನಬಸಮ್ಮನ ಜೊತೆ ಆಫೀಸಿನ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದಳು. ಗೇಟಿನಲ್ಲಿ ಗಲಾಟೆಯಂತೆ, ಒಂದು ಸಲ ನೋಡಿ ಬಾ ಎಂದು ಬೆಳಿಗ್ಗೆ ಅವಳ ಮೇಲಧಿಕಾರಿ ಸಿದ್ಧಾರ್ಥ್ ಫೋನು ಮಾಡಿದ್ದ. ಊರಿನ ಆ ತುದಿಯಿಂದ ತುಮಕೂರು ರಸ್ತೆಯ ಮಾಕಳಿವರೆಗೆ ಟ್ಯಾಕ್ಸಿಯಲ್ಲಿ ಬಂದಿಳಿದು, ಕಾವಲುಗಾರನನ್ನು ಮಾತನಾಡಿಸುವಷ್ಟರಲ್ಲಿ ಇದೆಲ್ಲ ನಡೆದುಹೋಗಿತ್ತು.

ಗಲಾಟೆಯ ಮೂಲ ಅವಳಿಗೆ ಗೊತ್ತಿತ್ತು. ಅದು ಈ ಕಾರ್ಖಾನೆಯ ವೆಬ್‌ಸೈಟಿಗೆ ಅವಳೇ ಮಾಡಿದ ಪುಟ.

ಕಾರು, ಬಸ್ಸುಗಳ ಬಿಡಿಭಾಗ ಒತ್ತುವ ಆ ಕಾರ್ಖಾನೆಯಲ್ಲಿ ಕೆಲಸಗಾರರು ದಿನಾ ಬೆಳಿಗ್ಗೆ ತಮ್ಮ ಮೊಬೈಲಿನಲ್ಲಿ ಕಾರ್ಖಾನೆಯ ವೆಬ್‌ಸೈಟ್ ತೆರೆದು ಅಂದಿನ ಪಾಸು ತೋರಿಸಿ ಒಳಗೆ ಹೋಗಬೇಕಿತ್ತು. ಹಳೆಯ ಪುಟ ಎಂಥ ಮೊಬೈಲಿನಲ್ಲೂ ತೆರೆಯುತ್ತಿತ್ತು, ಆದರೆ ಅದರಲ್ಲಿ ಹೆಸರಿತ್ತೇ ಹೊರತು ಮುಖವಿರಲಿಲ್ಲ. ಜನ ಒದಗಿಸುವ ಗುತ್ತಿಗೆದಾರ ಲೋಕೇಶ್ ಅದನ್ನೇ ಬಳಸಿಕೊಂಡು ಒಬ್ಬನ ಪಾಸಿನಲ್ಲಿ ಇನ್ನೊಬ್ಬನನ್ನು ಒಳಗೆ ಕಳಿಸುತ್ತಿದ್ದ. ಬೇಸಿಗೆಯಲ್ಲಿ ಹಾಗೆ ಹೋದವನೊಬ್ಬನ ಬಲಗೈ ಪ್ರೆಸ್ಸಿನ ಬಾಯಿಗೆ ಸಿಕ್ಕಿ ಮಣಿಕಟ್ಟಿನವರೆಗೆ ಅಪ್ಪಚ್ಚಿಯಾಯಿತು. ಪಾಸಿನಲ್ಲಿ ಭರಮಪ್ಪ ಎಂದಿತ್ತು. ಭರಮಪ್ಪನೋ ಊರಿನಲ್ಲಿ ಹೊಲದಲ್ಲಿದ್ದ. ಕೈ ಕಳೆದುಕೊಂಡವನು ನಿಜವಾಗಿ ಯಾರೆಂದು ತಿಳಿಯದೆ ವಿಮೆಯವರು ಕೈತೊಳೆದುಕೊಂಡರು. ಆ ಸುದ್ದಿ ಕೇಳಿದ ದಿನ ನಿವೇದಿತಾಳಿಗೆ ಊಟ ಸೇರಿರಲಿಲ್ಲ.

ಮೊಬೈಲಿನ ಕ್ಯಾಮೆರಾದಲ್ಲಿ ಮುಖ ನೋಡಿ ಪಾಸು ಕೊಡುವ ಹೊಸ ಪುಟವನ್ನು ಅವಳು ಹಟ ಹಿಡಿದು ಮಾಡಿದ್ದು ಅದಕ್ಕೇ. ಹಳೆಯ ಬ್ರೌಸರುಗಳಲ್ಲಿ ಅದು ನಡೆಯುತ್ತಿರಲಿಲ್ಲ. ಹಳೆಯ ಪುಟವನ್ನೂ ಪಕ್ಕಕ್ಕೆ ಇಟ್ಟುಕೊಳ್ಳೋಣ ಎಂದು ಸಿದ್ಧಾರ್ಥ್ ಹೇಳಿದ್ದ. ಕಾರ್ಖಾನೆಯಲ್ಲಿ ಹಳೆಯ ಮೊಬೈಲಿನವರು ಕಡಿಮೆಯೇನಿಲ್ಲ ಎಂದೂ ಹೇಳಿದ್ದ. ಅವಳು ಒಪ್ಪಲಿಲ್ಲ.

"ಕಳ್ಳ ಬರೋ ಬಾಗಿಲು ಅಂತ ಗೊತ್ತಿದ್ದೂ ತೆಗೆದಿಟ್ಕೊಂಡು ಕೂರೋಕಾಗುತ್ತಾ ಸಿದ್ಧಾರ್ಥ್? ಮತ್ತೆ ಯಾರದೋ ಹೆಸರಲ್ಲಿ ಯಾರದೋ ಕೈ ಹೋಗುತ್ತೆ."

"ಆ ಫೋನ್ ಇರೋರು ಏನ್ ಮಾಡ್ಬೇಕು, ಹೇಳು."

"ಹೊಸದು ತಗೋಬೇಕು."

ಅದನ್ನು ಅವಳು ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದ್ದಳು. ನಿಮ್ಮ ಬ್ರೌಸರ್ ಹಳೆಯದು, ದಯವಿಟ್ಟು ಹೊಸದನ್ನು ಹಾಕಿಕೊಳ್ಳಿ ಎಂದು ಒಂದು ಸಾಲನ್ನೇನೋ ಬರೆದಿಟ್ಟಿದ್ದಳು. ಆ ಸಾಲನ್ನು ತೋರಿಸುವ ಕೋಡನ್ನೂ ಹಳೆಯ ಬ್ರೌಸರು ಓದಲಾರದು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಸೋಮವಾರ ಹೊಸ ಪುಟ ಶುರುವಾದಾಗ ಆ ಮೊಬೈಲುಗಳಲ್ಲಿ ಸಾಲೂ ಬರಲಿಲ್ಲ, ಪಾಸೂ ಬರಲಿಲ್ಲ. ಬರೀ ಬಿಳಿ. ಒಬ್ಬರು ಡಾಟಾ ಮುಗಿದಿದೆ ಎಂದುಕೊಂಡರು, ಒಬ್ಬರು ಪರದೆ ಹಾಳಾಯಿತು ಎಂದುಕೊಂಡರು. ಬಹಳಷ್ಟು ಜನ ತಮ್ಮನ್ನು ಕೆಲಸದಿಂದ ತೆಗೆದಿದ್ದಾರೆ ಎಂದುಕೊಂಡರು. ಮಂಗಳವಾರವೂ ಬಂದು, ಬಿಸಿಲಲ್ಲಿ ನಿಂತು, ವಾಪಸು ಹೋದರು. ಬುಧವಾರ ವಾಪಸು ಹೋಗುವ ಮನಸ್ಸು ಯಾರಿಗೂ ಇರಲಿಲ್ಲ.

ಸೆಕ್ಯೂರಿಟಿ ಕೋಣೆಯ ಗಾಜು ಒಡೆದು ಒಳಕ್ಕೆ ಸುರಿಯಿತು. ನಿವೇದಿತಾ ಮೇಜಿನ ಕೆಳಗೆ ತೂರಿಕೊಂಡಳು. ಹೊರಗೆ ಕಾವಲುಗಾರರು ನಾಲ್ಕೂ ಕಡೆ ಲಾಠಿ ಬೀಸುತ್ತಿದ್ದರು. ಯಾರೋ ಹೆಲ್ಮೆಟ್ಟಿನಿಂದ ರಂಗಸ್ವಾಮಯ್ಯನ ತಲೆಗೆ ಬಾರಿಸಿದರು. ಅವನ ಟೋಪಿ ಹಾರಿತು, ಆಮೇಲೆ ಅವನೇ ಕಾಣದಾದ. ನಾಲ್ಕಾರು ಜನ ಸೇರಿ ಅವನನ್ನು ತುಳಿಯುತ್ತಿದ್ದರು. ಅವ್ವಾ, ಅವ್ವಾ ಎಂದು ಅವನು ಮಗುವಿನಂತೆ ಕೂಗುವುದು ಕೇಳುತ್ತಿತ್ತು. ಮೇಜಿನ ಕೆಳಗೆ ಕೂತು ಇದನ್ನು ಕೇಳುವುದು ಅವಳಿಂದ ಆಗಲಿಲ್ಲ. ತಾನು ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರೆ, ಇದು ಬರೀ ಪುಟದ ತೊಂದರೆ, ಯಾರ ಕೆಲಸವೂ ಹೋಗಿಲ್ಲ ಎಂದರೆ, ಜನ ಕೇಳಬಹುದು ಎನ್ನಿಸಿತು. ಕೊರಳಲ್ಲಿ ಆಫೀಸಿನ ಬ್ಯಾಡ್ಜು ತೂಗುತ್ತಿದ್ದಂತೆಯೇ ಬಾಗಿಲು ತೆಗೆದು ಹೊರಗೆ ಬಂದಳು.

"ಕೇಳಿ ಇಲ್ಲಿ. ನಿಮ್ಮ ಫೋನ್ ಸರಿಯಾಗಿದೆ. ಅದು ನಮ್ಮ ಪೇಜ್ ತೊಂದರೆ. ನಾನೇ ಮಾಡಿದ್ದು, ನಾನೇ ಸರಿ ಮಾಡ್ತೀನಿ."

ನಾನೇ ಮಾಡಿದ್ದು ಎಂಬ ಎರಡು ಮಾತಷ್ಟೇ ಗುಂಪಿಗೆ ಕೇಳಿಸಿದ್ದು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹನುಮವ್ವ ತಲೆ ಎತ್ತಿದಳು. ಅವಳ ಹಣೆಯಿಂದಲೂ ರಕ್ತ ಇಳಿದು ಕಣ್ಣಿನ ಗುಳಿಯಲ್ಲಿ ನಿಂತಿತ್ತು. ಯಮನೂರನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದಳು.

"ನೀನ ಏನು? ನೀನ ಏನು ಮಾಡಿದಾಕಿ?"

ಹೌದು ಎನ್ನಲು ನಿವೇದಿತಾ ಬಾಯಿ ತೆರೆದಳು. ಹನುಮವ್ವನ ಕೈಯಲ್ಲಿದ್ದ ಮೊಬೈಲು ಅಷ್ಟರಲ್ಲಿ ಅವಳ ಹುಬ್ಬಿನ ಮೇಲೆ ಕೂತಿತು. ಎರಡನೆಯ ಏಟು ಅದೇ ಜಾಗಕ್ಕೆ. ಚರ್ಮ ಬಿರಿದು ಒಂದು ಕಣ್ಣಿಗೆ ಲೋಕವೇ ಕೆಂಪಾಯಿತು. ಜಡೆ ಯಾರದೋ ಮುಷ್ಟಿಗೆ ಸಿಕ್ಕಿ ಅವಳು ಹಿಮ್ಮುಖವಾಗಿ ಬಿದ್ದಳು. ಹೆಗಲಿನ ಮೂಳೆ ಮುರಿದದ್ದು ನೋವಿಗಿಂತ ಮೊದಲು ಸದ್ದಾಗಿ ತಿಳಿಯಿತು. ಹನುಮವ್ವ ಅವಳ ಎದೆಯ ಮೇಲೆ ಕೂತು ಎರಡೂ ಕೈಯಿಂದ ಹೊಡೆಯುತ್ತಿದ್ದಳು. ಬಯ್ಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಬಟ್ಟೆ ಒಗೆಯುವವರ ಹಾಗೆ ಉಸಿರನ್ನು ಒಂದು ಲೆಕ್ಕಕ್ಕೆ ಬಿಡುತ್ತಾ ಹೊಡೆಯುತ್ತಿದ್ದಳು. ಜೀಪಿನ ಸೈರನ್ನು ಕೇಳಿಸಿ ಜನ ಚದುರಿದ ಮೇಲೂ ಅವಳೊಬ್ಬಳು ಎದ್ದಿರಲಿಲ್ಲ. ಪೊಲೀಸರು ತೋಳು ಹಿಡಿದು ಕಿತ್ತು ತೆಗೆಯಬೇಕಾಯಿತು.

ನಿವೇದಿತಾಳ ಹುಬ್ಬಿಗೆ ಹೊಲಿಗೆ ಹಾಕಿ, ಬಲಗೈಯನ್ನು ಕೊರಳಿಗೆ ಕಟ್ಟಿ ಖಾಸಗಿ ಆಸ್ಪತ್ರೆಯಲ್ಲಿ ಮಲಗಿಸಿದರು. ಯಮನೂರನ ದವಡೆ ಎರಡು ಕಡೆ ಮುರಿದಿದೆಯೆಂದೂ, ರಂಗಸ್ವಾಮಯ್ಯನಿಗೆ ಪಕ್ಕೆಲುಬು ಮುರಿದಿದೆಯೆಂದೂ ಸಿದ್ಧಾರ್ಥ್ ಬಂದು ಹೇಳಿದ. ನಾನು ಆವತ್ತೇ ಹೇಳಿದ್ದೆ ಎಂಬ ಮಾತನ್ನು ಅವನು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಚನ್ನಬಸಮ್ಮ ಮಗಳ ಊದಿದ ಮುಖವನ್ನು ನೋಡಿ ಮೊದಲು ಅತ್ತರು, ಆಮೇಲೆ ಕೆಂಡವಾದರು. ಮೂವತ್ತು ವರ್ಷ ಸಾಕಿದ ಮಗಳ ಮೇಲೆ ತಾವು ಒಮ್ಮೆಯೂ ಕೈ ಎತ್ತಿರಲಿಲ್ಲವೆಂದು ಬಂದ ನರ್ಸುಗಳಿಗೆಲ್ಲ ಹೇಳಿದರು. "ಬರ್ಕೊಡವ್ವ ಪೊಲೀಸ್ರಿಗೆ. ಸುಮ್ನೆ ಬಿಡಬ್ಯಾಡ ಅಕಿನ್ನ" ಎಂದರು. ಬಿಡುವ ಮನಸ್ಸು ನಿವೇದಿತಾಳಿಗೂ ಇರಲಿಲ್ಲ. ಕಣ್ಣು ಮುಚ್ಚಿದರೆ ಆ ಹೆಂಗಸಿನ ಮುಖ ಕಾಣುತ್ತಿತ್ತು. ಅದನ್ನು ಗೋಡೆಗೆ ಬಡಿಯುವುದನ್ನು ಅವಳು ಮತ್ತೆ ಮತ್ತೆ ಕಲ್ಪಿಸಿಕೊಳ್ಳುತ್ತಿದ್ದಳು. ಮುರಿದ ಹೆಗಲಿನ ಕೈಯಿಂದಲೇ ಬಡಿಯುತ್ತಿದ್ದಳು. ಕಲ್ಪನೆಯಲ್ಲಿ ಅದು ನೋಯುತ್ತಿರಲಿಲ್ಲ.

ಮಾರನೆಯ ದಿನ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಶಿವರಾಜ್ ಸೇಬು, ಮೋಸಂಬಿ ಹಿಡಿದುಕೊಂಡು ಬಂದರು. ತಮ್ಮದೂ ಹರಿಹರದ ಕಡೆಯೆಂದು ಚನ್ನಬಸಮ್ಮನ ಬಳಿ ನೆಂಟಸ್ತಿಕೆ ತೆಗೆದರು. ಆಸ್ಪತ್ರೆಯ ಖರ್ಚಿನ ಚಿಂತೆ ಬೇಡ ಎಂದರು. ನಿವೇದಿತಾ ಠಾಣೆಗೆ ಹೋಗಿ ಹೇಳಿಕೆ ಕೊಟ್ಟರೆ ಸಾಕು: ಕೆಲಸಗಾರರೇ ಮೊದಲು ಕಲ್ಲು ತೂರಿದರು, ಕಾವಲುಗಾರರು ಜೀವ ಉಳಿಸಿಕೊಳ್ಳಲು ಲಾಠಿ ಎತ್ತಿದರು, ಅಷ್ಟೇ. ಅವಳು ಹಳೆಯ ಪುಟವನ್ನು ಸದ್ಯಕ್ಕೆ ಮತ್ತೆ ಹಾಕುತ್ತೇವೆ ಎಂದಷ್ಟೇ ಹೇಳಿದಳು.

ಶಿವರಾಜ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಅವಸರ ಮಾಡ್ಬೇಡಿ ಮೇಡಂ. ಒಂದು ರೀತೀಲಿ ಒಳ್ಳೇದೇ ಆಗಿದೆ. ಹಳೇ ಫೋನ್ ಅಂದ್ರೆ ಹಳೇ ಜನ. ನಮ್ಮನ್ನ ಪರ್ಮನೆಂಟ್ ಮಾಡಿ ಅಂತ ಕೂತಿರೋರೆಲ್ಲ ಅವರೇ. ಈಗ ಅವರಾಗೇ ಕೆಲಸಕ್ಕೆ ಬರ್ಲಿಲ್ಲ ಅಂತಾಯ್ತು."

"ಬಂದಿದ್ರು. ಮೂರು ದಿನಾನೂ ಗೇಟಲ್ಲೇ ಇದ್ರು."

"ನಿಮ್ಮ ಸಿಸ್ಟಮ್ ಬಂದಿಲ್ಲ ಅಂತಿದೆ" ಎಂದು ಅವರು ನಯವಾಗಿ ನಕ್ಕರು. "ನಮಗೆ ಅಷ್ಟು ಸಾಕು."

ಅವರು ಹೋದ ಮೇಲೆ ಚನ್ನಬಸಮ್ಮ ಸೇಬು ಹೆಚ್ಚಿ ಕೊಟ್ಟರು. ದವಡೆ ಅಲ್ಲಾಡಿಸಿದರೆ ಹುಬ್ಬಿನ ಹೊಲಿಗೆ ಎಳೆಯುತ್ತಿತ್ತು. ತಟ್ಟೆಯಲ್ಲಿ ಹೋಳುಗಳು ಕಂದುಗಟ್ಟುವವರೆಗೂ ಅವಳು ಮುಟ್ಟಲಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ಮಧ್ಯಾಹ್ನ ಸಿದ್ಧಾರ್ಥನ ಕಾರಿನಲ್ಲಿ ತಾಯಿ ಮಗಳು ನೇರ ಠಾಣೆಗೆ ಹೋದರು. ಶಿವರಾಜ್ ಆಗಲೇ ಬಂದು ಇನ್‌ಸ್ಪೆಕ್ಟರ ಎದುರಿನ ಕುರ್ಚಿಯಲ್ಲಿದ್ದರು. ಗುರುತು ಹಿಡಿಯಲೆಂದು ಹನುಮವ್ವನನ್ನು ಕರೆತಂದರು. ಹಣೆಯ ಗಾಯಕ್ಕೆ ಯಾರೂ ಔಷಧ ಹಾಕಿದಂತಿರಲಿಲ್ಲ. ರಕ್ತ ಕೂದಲಿಗೆ ಮೆತ್ತಿ ಒಣಗಿತ್ತು. ಇವರನ್ನೇ ಹೊಡೆದದ್ದಾ ಎಂದು ಮಹಿಳಾ ಪೇದೆ ಕೇಳಿದಳು. ಹನುಮವ್ವ ನಿವೇದಿತಾಳನ್ನು ದಿಟ್ಟಿಸಿ ನೋಡಿದಳೇ ಹೊರತು ಬಾಯಿ ಬಿಡಲಿಲ್ಲ. ಪೇದೆ ಕೈ ಬೀಸಿ ಅವಳ ಕೆನ್ನೆಗೆ ಹೊಡೆದಳು.

ಆ ಏಟಿನ ಸದ್ದು ನಿವೇದಿತಾಳಿಗೆ ಹಿತವಾಯಿತು. ಬಾಯಾರಿದಾಗ ನೀರು ಇಳಿದಂತೆ ಎದೆಯೊಳಗೆ ತಂಪಾಗಿ ಇಳಿಯಿತು. ಇನ್ನೊಂದು ಬೀಳಲಿ ಎಂದು ಅವಳು ಕಾದಳು. ಕಾಯುತ್ತಿದ್ದೇನೆ ಎಂಬುದು ತನಗೇ ತಿಳಿದಾಗ ಕೂತಲ್ಲೇ ಬೆವರಿದಳು. ಎರಡನೆಯ ಏಟಿಗೆ ಪೇದೆಯ ಕೈ ಮೇಲಕ್ಕೆ ಹೋಗಿತ್ತು.

"ಹೊಡೀಬೇಡಿ" ಎಂದಳು ನಿವೇದಿತಾ. "ನಾನು ಹೇಳ್ತೀನಿ. ಬರ್ಕೊಳ್ಳಿ."

ಅವಳು ಏನನ್ನೂ ಬಿಡಲಿಲ್ಲ. ಈ ಹೆಂಗಸು ತನ್ನನ್ನು ಹೊಡೆದದ್ದು ನಿಜ, ಹುಬ್ಬು ಒಡೆದದ್ದೂ ಹೆಗಲು ಮುರಿದದ್ದೂ ನಿಜ ಎಂದಳು. ಚನ್ನಬಸಮ್ಮ ತಲೆಯಾಡಿಸಿದರು. ಅದಕ್ಕೆ ಮೊದಲು ರಂಗಸ್ವಾಮಯ್ಯ ಯಮನೂರನ ದವಡೆಗೆ ಲಾಠಿಯಲ್ಲಿ ಹೊಡೆದದ್ದು, ಬಿದ್ದವನನ್ನು ಮತ್ತೆ ಹೊಡೆದು ಒದ್ದದ್ದು, ಆಗಿನ್ನೂ ಒಂದು ಕಲ್ಲೂ ಬಿದ್ದಿರಲಿಲ್ಲ ಎನ್ನುವುದು, ಇದಿಷ್ಟನ್ನೂ ಕಿಟಕಿಯಿಂದ ಕಣ್ಣಾರೆ ಕಂಡದ್ದು ಎಂದಳು. ಶಿವರಾಜ್ ಕೆಮ್ಮಿದರು. ಹಳೆಯ ಮೊಬೈಲಿನಲ್ಲಿ ಪುಟ ತೆರೆಯುವುದಿಲ್ಲವೆಂದು ತನಗೆ ಗೊತ್ತಿದ್ದೇ ಅದನ್ನು ಹಾಕಿದ್ದು, ಆ ಜನ ಮೂರು ದಿನವೂ ಕೆಲಸಕ್ಕೆ ಬಂದು ಗೇಟಿನಲ್ಲಿ ನಿಂತಿದ್ದರು, ಬಂದಿಲ್ಲ ಎಂದು ಕಾರ್ಖಾನೆ ಹೇಳಿದರೆ ಅದು ಸುಳ್ಳು ಎಂದೂ ಬರೆಸಿದಳು. ಬಲಗೈ ಕಟ್ಟಿದ್ದರಿಂದ ಎಡಗೈಯಲ್ಲಿ ಸಹಿ ಹಾಕಿದಳು. ಅದು ಅವಳ ಸಹಿಯ ಹಾಗೆ ಕಾಣಲಿಲ್ಲ, ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು.

ಚನ್ನಬಸಮ್ಮ ಮನೆಯ ಬಾಗಿಲ ಬೀಗ ತೆಗೆಯುವಾಗ, "ನಿಮ್ಮಪ್ಪನೂ ಹಿಂಗೇ ಇದ್ರು, ಯಾರ ಕಡೀಗೂ ಆಗ್ತಿರ್ಲಿಲ್ಲ" ಎಂದರು. ಅದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ.

ಆಮೇಲಿನದು ನಿಧಾನವಾಗಿ ನಡೆಯಿತು. ಹೇಳಿಕೆಯ ಪ್ರತಿ ಕಾರ್ಮಿಕ ಇಲಾಖೆಗೆ ಹೋಯಿತು. ಗೇಟಿನಲ್ಲಿ ನಿಲ್ಲಿಸಿದವರನ್ನೆಲ್ಲ ವಾಪಸು ತೆಗೆದುಕೊಳ್ಳಬೇಕು, ಎಲ್ಲರ ಮೊಬೈಲಿನಲ್ಲೂ ತೆರೆಯುವ ಪುಟ ಇರಬೇಕು ಎಂದು ಅಲ್ಲಿಂದ ಆದೇಶವಾಯಿತು. ಮುಖ ನೋಡುವ ಕ್ಯಾಮೆರಾವನ್ನು ಜನರ ಮೊಬೈಲಿನಿಂದ ತೆಗೆದು ಗೇಟಿಗೇ ಹಾಕಿಸುವ ಉಪಾಯ ನಿವೇದಿತಾಳದ್ದು. ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಸಿದ್ಧಾರ್ಥ್ ಕೇಳಿದ; ಮೊದಲು ತಾನು ಆ ಗೇಟನ್ನೇ ನೋಡಿರಲಿಲ್ಲ ಎಂದು ಅವಳು ಹೇಳಿದಳು. ಆ ಕ್ಯಾಮೆರಾದ ಜೊತೆ ನಡೆಯುವ ಪುಟ ಹಳೆಯ ಬ್ರೌಸರಿನಲ್ಲೂ ತೆರೆಯಲೆಂದು, ಆಫೀಸಿನ ಡ್ರಾಯರಿನಲ್ಲಿ ಸತ್ತು ಬಿದ್ದಿದ್ದ ಹಳೆಯ ಮೊಬೈಲೊಂದನ್ನು ಚಾರ್ಜಿಗೆ ಹಾಕಿ ಇಬ್ಬರೂ ಕೂತರು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಬಟನ್ನುಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು, ಅಕ್ಷರಗಳು ಚೌಕಗಳಾಗುತ್ತಿದ್ದವು. ಹಳೆಯ ಬ್ರೌಸರನ್ನು ಉಳಿಸಬೇಕೆಂದು ವಾದಿಸಿದ್ದ ಸಿದ್ಧಾರ್ಥನೇ ಕೊನೆಗೆ, "ನೀನು ಹೇಳಿದ್ದೇ ಸರಿ ಕಣೆ, ಇದು ಸಾಯ್ಬೇಕಾದ್ದೇ" ಎಂದು ಗೊಣಗಿದ. ನಿವೇದಿತಾ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದಳು. ಪುಟ ತೆರೆಯಿತು. ಕಾರ್ಖಾನೆಯವರು ಅದನ್ನು ತೆಗೆದುಕೊಂಡ ಬೆನ್ನಿಗೇ, ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದೇವೆ ಎಂದು ಸಿದ್ಧಾರ್ಥನಿಗೆ ತಿಳಿಸಿದರು.

ನಿಂತವರೆಲ್ಲ ಒಳಗೆ ಹೋದರು, ಹನುಮವ್ವ ಮತ್ತು ಯಮನೂರರನ್ನು ಬಿಟ್ಟು. ಹನುಮವ್ವನ ಮೇಲೆ ಹೊಡೆದದ್ದಕ್ಕೆ, ಯಮನೂರನ ಮೇಲೆ ಗೇಟಿನೊಳಗೆ ನುಗ್ಗಿದ್ದಕ್ಕೆ ಕೇಸಿತ್ತು. ಹನುಮವ್ವನಿಗೆ ಜಾಮೀನು ಸಿಕ್ಕಿತ್ತು. ರಂಗಸ್ವಾಮಯ್ಯನ ಮೇಲೂ ಕೇಸಾಗಿ, ಅವನ ಜಾಗಕ್ಕೆ ಬೇರೆಯವನು ಬಂದಿದ್ದ.

ಯಮನೂರ ಇನ್ನೂ ಸರ್ಕಾರಿ ಆಸ್ಪತ್ರೆಯಲ್ಲಿದ್ದಾನೆಂದು ತಿಳಿದು ನಿವೇದಿತಾ ಒಂದು ಬೆಳಿಗ್ಗೆ ಅಲ್ಲಿಗೆ ಹೋದಳು. ಯಾಕೆ ಹೋಗುತ್ತಿದ್ದೇನೆಂದು ಬಸ್ಸಿನಲ್ಲಿ ಯೋಚಿಸಿದಳು. ಹೇಳಲು ಒಂದು ಸುದ್ದಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು. ಉದ್ದನೆಯ ವಾರ್ಡಿನ ಕೊನೆಯ ಮಂಚ. ಮುರಿದ ದವಡೆ ಕೂಡಲೆಂದು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ತಂತಿಯಲ್ಲಿ ಬಿಗಿದಿದ್ದರು. ಹನುಮವ್ವ ಸ್ಟೀಲು ಲೋಟದಿಂದ ಅವನಿಗೆ ಸ್ಟ್ರಾದಲ್ಲಿ ಗಂಜಿ ಕುಡಿಸುತ್ತಿದ್ದಳು. ನಿವೇದಿತಾಳನ್ನು ಕಂಡವಳು ಏಳಲಿಲ್ಲ, ಹೋಗು ಎನ್ನಲೂ ಇಲ್ಲ. ನಿವೇದಿತಾ ಮಂಚದ ಕಾಲಿನ ಕಡೆಯಿದ್ದ ಸ್ಟೂಲಿನ ಮೇಲೆ ಕೂತಳು.

"ಪೇಜ್ ಸರಿ ಮಾಡಿದೀವಿ. ಈಗ ಎಲ್ಲರ ಫೋನಲ್ಲೂ ತೆರೆಯತ್ತೆ" ಎಂದಳು.

"ಯಾರಿಗೆ?" ಎಂದಳು ಹನುಮವ್ವ.



ಈಕೆ ಯಾರೆಂದು ಯಮನೂರನಿಗೆ ಆಗ ಅರ್ಥವಾಗಿರಬೇಕು. ಅವನ ಕೊರಳಿನ ನರಗಳು ಉಬ್ಬಿದವು. ಬೈಯಲು ಬಾಯಿ ಬರದೆ ಮೂಗಿನಿಂದ ಒಂದು ಸದ್ದು ಹೊರಟಿತು. ಅಕ್ಕನ ಕೈಯಿಂದ ಲೋಟ ಕಿತ್ತುಕೊಂಡು ಇದ್ದ ಬಲವನ್ನೆಲ್ಲ ಹಾಕಿ ಎಸೆದ. ಅದು ನಿವೇದಿತಾಳ ಕಿವಿಯ ಪಕ್ಕಕ್ಕೆ ಹಾದು ಗೋಡೆಗೆ ಬಡಿದು ನೆಲದ ಮೇಲೆ ಉರುಳಾಡಿತು. ಬಿಸಿ ಗಂಜಿ ಅವಳ ಕೊರಳಿಗೆ, ಕುಪ್ಪಸಕ್ಕೆ, ಕೈ ಕಟ್ಟಿದ ಪಟ್ಟಿಗೆ ಸಿಡಿಯಿತು. ಅಕ್ಕಪಕ್ಕದ ಮಂಚದವರು ಎದ್ದು ಕೂತರು. ಅವನು ಮತ್ತೇನಾದರೂ ಸಿಗುವುದೇ ಎಂದು ಹಾಸಿಗೆಯ ಮೇಲೆಲ್ಲ ತಡಕಿದ. ಏನೂ ಸಿಗದೆ ಗೋಡೆಯ ಕಡೆ ತಿರುಗಿ ಮಲಗಿದ.

ನಿವೇದಿತಾ ಕೂತ ಕಡೆಯಿಂದ ಕದಲಲಿಲ್ಲ. ಕೊರಳ ಮೇಲಿನ ಗಂಜಿ ತಣ್ಣಗಾಗುತ್ತಾ ಕೆಳಗೆ ಇಳಿಯುತ್ತಿತ್ತು.

ಹನುಮವ್ವ ಎದ್ದು ಲೋಟವನ್ನು ಹುಡುಕಿ ತಂದಳು. ಅಂಚು ನೆಗ್ಗಿತ್ತು, ಹೆಬ್ಬೆರಳಿನಿಂದ ಒತ್ತಿ ನೋಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಂಚದ ಕೆಳಗಿನ ಚೀಲದಿಂದ ಒಂದು ಹಳೇ ಬಟ್ಟೆ ತೆಗೆದು, ಕುಕ್ಕರಗಾಲಿನಲ್ಲಿ ಕೂತು, ಗೋಡೆಯ ಬುಡದಿಂದ ಒರೆಸುತ್ತಾ ಒರೆಸುತ್ತಾ ಸ್ಟೂಲಿನ ಹತ್ತಿರ ಬಂದಳು. ತಲೆ ಎತ್ತಲಿಲ್ಲ.

"ಕಾಲ ಎತ್ರಿ" ಎಂದಳು.

ನಿವೇದಿತಾ ಎರಡೂ ಕಾಲುಗಳನ್ನು ಎತ್ತಿ ಹಿಡಿದಳು.